ಎರಡನೆಯ ಸರ್ವರ್ ಕೊಳ್ಳುವ ಮುನ್ನ: ಅನುಭವ ಇದ್ದವರು ತಿಳಿಸಿ

ನಮ್ಮ ಪತ್ತಿನ ಸಹಕಾರ ಸಂಘದಲ್ಲಿ ಇರುವುದು ಒಂದೇ ಸರ್ವರ್. ಅದು ಕೆಟ್ಟರೆ ಕೌಂಟರಿನಲ್ಲಿ ಒಂದು ರಸೀದಿಯೂ ಹೊರಡುವುದಿಲ್ಲ. ಇನ್ನೊಂದನ್ನು ಕೊಳ್ಳಲು ಆಡಳಿತ ಮಂಡಳಿ ಒಪ್ಪಿದೆ. ಒಂದು ನಿಂತರೆ ಮತ್ತೊಂದು ತಾನಾಗಿಯೇ ಕೆಲಸ ವಹಿಸಿಕೊಳ್ಳಬೇಕು. ಏನೇನು ಗಮನಿಸಬೇಕು?

ಉತ್ತರ 1
ಸರ್ವರ್ ಲಿನಕ್ಸ್ ಮೇಲೆ ನಡೆಯುವುದಾದರೆ ಕೀಪ್‌ಅಲೈವ್‌ಡಿ ಎಂಬ ತಂತ್ರಾಂಶ ಸಾಕು. ಎರಡೂ ಯಂತ್ರಗಳಿಗೆ ಅವುಗಳದೇ ಐಪಿ ವಿಳಾಸ ಇರುತ್ತದೆ. ಕೌಂಟರಿನ ಕಂಪ್ಯೂಟರ್‌ಗಳು ಸರ್ವರನ್ನು ತಲುಪಲು ಬಳಸುವುದು ಮೂರನೆಯ ವಿಳಾಸ; ಅದು ಎರಡರಲ್ಲಿ ಒಂದು ಯಂತ್ರದ ಬಳಿ ಇರುತ್ತದೆ. ಅದನ್ನು ಹೊತ್ತ ಯಂತ್ರ ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಸಾರುತ್ತಿರುತ್ತದೆ. ಅದು ಮೌನವಾದರೆ ನಾಲ್ಕು ಸೆಕೆಂಡಿನೊಳಗೆ ಇನ್ನೊಂದು ಆ ವಿಳಾಸವನ್ನು ಎತ್ತಿಕೊಂಡು, ಆ ವಿಳಾಸ ಈಗ ತನ್ನದು ಎಂದು ಸಾರುವ ಆರ್ಪ್ ಸಂದೇಶ ಕಳಿಸಿ ಜಾಲಕ್ಕೆಲ್ಲ ತಿಳಿಸುತ್ತದೆ. ಆದರೆ ಈ ಸಾರುವಿಕೆ ಯಂತ್ರ ಬದುಕಿದೆ ಎಂಬುದಕ್ಕಷ್ಟೇ ಸಾಕ್ಷಿ. ಒಳಗೆ ವೆಬ್ ಸರ್ವರ್ ಸತ್ತು ಬಿದ್ದಿದ್ದರೂ ವಿಳಾಸ ಕದಲುವುದಿಲ್ಲ. ಲಾಗಿನ್ ಪುಟ ನಿಜವಾಗಿ ತೆರೆಯುತ್ತದೆಯೇ ಎಂದು ನೋಡುವ ಪುಟ್ಟ ಸ್ಕ್ರಿಪ್ಟನ್ನು ಸೇರಿಸಲೇಬೇಕು.

ಉತ್ತರ 2
ವೆಬ್ ಭಾಗಕ್ಕೆ ಇದು ಸರಿ. ಹಣದ ಲೆಕ್ಕ ಇರುವ ಡೇಟಾಬೇಸಿಗೆ ಇಷ್ಟನ್ನೇ ನಂಬಬೇಡಿ. ನಡುವಿನ ಸಂಪರ್ಕ ಮಾತ್ರ ಕಡಿದರೆ ಎರಡೂ ‘ನಾನೇ ಮುಖ್ಯ’ ಎಂದುಕೊಳ್ಳುತ್ತವೆ. ಠೇವಣಿ ಒಂದರಲ್ಲಿ, ಹಿಂಪಡೆದದ್ದು ಇನ್ನೊಂದರಲ್ಲಿ ದಾಖಲಾಗುತ್ತದೆ. 2018ರ ಅಕ್ಟೋಬರ್ 21ರಂದು, ತಂತ್ರಾಂಶಗಳ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ, ಅಮೆರಿಕದ ಪೂರ್ವ ಕರಾವಳಿಯ ಕೇಂದ್ರದ ಸಂಪರ್ಕ ತಪ್ಪಿದ್ದು ಬರೀ 43 ಸೆಕೆಂಡು. ಅಷ್ಟರಿಂದಲೇ ಡೇಟಾಬೇಸಿನ ಮುಖ್ಯಸ್ಥಾನ ಪಶ್ಚಿಮಕ್ಕೆ ಹೋಯಿತು. ಪೂರ್ವದಲ್ಲಿ ಬರೆದ ಕೆಲವು ದಾಖಲೆಗಳು ಅಲ್ಲಿಗೆ ತಲುಪಿರಲಿಲ್ಲ. ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಮೂರನೆಯ ಸಣ್ಣ ಯಂತ್ರವೊಂದನ್ನು ಸಾಕ್ಷಿಯಾಗಿ ಇಡಿ. ಮೂರರಲ್ಲಿ ಎರಡು ಒಪ್ಪದೆ ಯಾವುದೂ ಮುಖ್ಯವಾಗಬಾರದು. ಅದು ಆಗದಿದ್ದರೆ ಡೇಟಾಬೇಸನ್ನು ಕೈಯಿಂದಲೇ ಬದಲಿಸಿ. ಲೆಕ್ಕ ಎರಡಾಗುವುದಕ್ಕಿಂತ ಅರ್ಧ ಗಂಟೆ ಕೌಂಟರ್ ನಿಲ್ಲುವುದೇ ಲೇಸು ಎಂದು ನಾನು ಆಡಳಿತ ಮಂಡಳಿಗಳಿಗೆ ಯಾವಾಗಲೂ ಹೇಳುತ್ತೇನೆ.

ಉತ್ತರ 3
ತಂತ್ರಾಂಶಕ್ಕೆ ಮೊದಲು ವೈರು ನೋಡಿ. ಎರಡೂ ಸರ್ವರ್ ಒಂದೇ ಯುಪಿಎಸ್, ಒಂದೇ ನೆಟ್‌ವರ್ಕ್ ಸ್ವಿಚ್ ಮೇಲೆ ಇದ್ದರೆ ಕೊಂಡು ಪ್ರಯೋಜನವಿಲ್ಲ.

ಪರೀಕ್ಷೆಯನ್ನೂ ಮಾಡಿ: ವಹಿವಾಟು ಮುಗಿದ ಸಂಜೆ, ಬ್ಯಾಕಪ್ ತೆಗೆದಿಟ್ಟು, ಮುಖ್ಯ ಸರ್ವರಿನ ವಿದ್ಯುತ್ ವೈರನ್ನೇ ಕೀಳಿ. ಆದೇಶ ಕೊಟ್ಟು ನಿಲ್ಲಿಸಿದರೆ ಅದು ಹೋಗುವ ಮುನ್ನ ಹೇಳಿಯೇ ಹೋಗುತ್ತದೆ, ಬದಲಿ ತಟ್ಟನೆ ಏಳುತ್ತದೆ. ನಿಜವಾದ ಅವಘಡ ಹಾಗೆ ಹೇಳಿ ಬರುವುದಿಲ್ಲ. ಇನ್ನೊಂದು ಸಂಜೆ ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತು ನೋಡಿ. ದುರಸ್ತಿಯಾದ ಯಂತ್ರ ಎದ್ದ ಕೂಡಲೇ ಮುಖ್ಯಸ್ಥಾನ ಕಿತ್ತುಕೊಳ್ಳದಂತೆಯೂ ಹೊಂದಿಸಿ. ದಾಖಲೆಗಳು ತಾಳೆಯಾದವು ಎಂದು ನೀವೇ ಖಚಿತಪಡಿಸಿಕೊಂಡ ಮೇಲೆ ಹಿಂದಿರುಗಿಸಿದರಾಯಿತು.