ಫಾರ್ವರ್ಡ್ ಮೆಸೇಜಿನ ಮೂಲ ಹಿಡಿದರೆ ಜೀವ ಉಳಿಯುತ್ತಾ?

ಹೊಳೆದಂಡೆ: 2021ರ ಐಟಿ ನಿಯಮಗಳ ಪ್ರಕಾರ, ಗಂಭೀರ ಅಪರಾಧಗಳಲ್ಲಿ ಕೋರ್ಟ್ ಅಥವಾ ಸರ್ಕಾರ ಆದೇಶ ಕೊಟ್ಟರೆ, ಒಂದು ಮೆಸೇಜನ್ನು ದೇಶದಲ್ಲಿ ಮೊದಲು ಕಳಿಸಿದವರು ಯಾರು ಅಂತ ದೊಡ್ಡ ಮೆಸೇಜಿಂಗ್ ಕಂಪನಿಗಳು ಹೇಳಬೇಕು. ವಾಟ್ಸಾಪ್ ಇದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದೆ. ನನ್ನ ಪ್ರಕಾರ ನಿಯಮ ಸರಿ ಇದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಅಂಥ ಸುಳ್ಳು ಹಬ್ಬಿಸಿದವರು ಸಿಗಬೇಡವೇ?

ಕೀಲಿಮಣೆ: ಸಿಗಬೇಕು. ಆದರೆ ಮುರ್ಕಿಯಲ್ಲಿ ಮೂಲ ಹುಡುಕುವುದು ಕಷ್ಟ ಆಗಲೇ ಇಲ್ಲವಲ್ಲ ಸರ್. ಸುಳ್ಳು ಹಬ್ಬಿದ ವಾಟ್ಸಾಪ್ ಗ್ರೂಪಿನ ಅಡ್ಮಿನ್‌ನನ್ನೂ ಸೇರಿಸಿ ಹಲವರನ್ನು ಪೊಲೀಸರು ಬೇಗನೆ ಹಿಡಿದರು. ಅಷ್ಟರಲ್ಲಿ ಜೀವ ಹೋಗಿತ್ತು.

ಬೀದರ್ ಮಂದಿ: ಅವತ್ತು ಆಗಿದ್ದು ಇಷ್ಟು. ಸ್ನೇಹಿತರು ಕಾರಿನಲ್ಲಿ ಬಂದಿದ್ದರು. ಹಂದಿಕೇರಾ ಹತ್ತಿರ ನಿಂತಾಗ ಅವರಲ್ಲಿ ಒಬ್ಬರು ಅಲ್ಲಿದ್ದ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಪ್ರೀತಿಗೆ ಕೊಟ್ಟಿದ್ದು, ಅಷ್ಟೇ. ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಮಕ್ಕಳ ಕಳ್ಳರ ವಿಡಿಯೋ ಓಡಾಡುತ್ತಿತ್ತು. ಜನ ಸುತ್ತುವರಿದರು, ಇವರು ಹೆದರಿ ಕಾರು ಓಡಿಸಿದರು. ಕಾರಿಗಿಂತ ಮೊದಲೇ ಸುದ್ದಿ ಮುರ್ಕಿ ಮುಟ್ಟಿತು. ಅಲ್ಲಿ ರಸ್ತೆಗೆ ಅಡ್ಡ ಹಾಕಿ ಕಾಯುತ್ತಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಮೊದಲು ಕಳಿಸಿದವನ ಹೆಸರು ಆ ಹೊತ್ತಿಗೆ ಯಾರನ್ನು ಉಳಿಸುತ್ತಿತ್ತು?

ಹೊಳೆದಂಡೆ: ಆವತ್ತಿನ ಮಟ್ಟಿಗೆ ಒಪ್ಪಿದೆ. ಆದರೆ ಸಿಕ್ಕಿಬೀಳುತ್ತೇನೆ ಅನ್ನೋ ಭಯ ಇದ್ದರೆ ಮುಂದೆ ಯಾರೂ ಸುಮ್ನೆ ಫಾರ್ವರ್ಡ್ ಮಾಡಲ್ಲ.

ಪಾಟೀಸವಾಲು: ಭಯದಿಂದ ನಿಲ್ಲುವಂತಿದ್ದರೆ 2012ರ ಆಗಸ್ಟಿನಲ್ಲೇ ನಿಲ್ಲಬೇಕಿತ್ತು. ಬೆಂಗಳೂರಿನಲ್ಲಿದ್ದ ಈಶಾನ್ಯದ ಹುಡುಗ ಹುಡುಗಿಯರಿಗೆ ‘ನಿಮ್ಮ ಮೇಲೆ ದಾಳಿ ಆಗುತ್ತೆ’ ಅಂತ ಎಸ್ಸೆಮ್ಮೆಸ್ ಬಂದವು. ಎಸ್ಸೆಮ್ಮೆಸ್ಸಿನಲ್ಲಿ ಏನೂ ಮುಚ್ಚಿಟ್ಟಿಲ್ಲ, ಯಾವ ನಂಬರಿನಿಂದ ಬಂತು ಅನ್ನುವುದು ಫೋನ್ ಕಂಪನಿಗೆ ಗೊತ್ತು. ಆದರೂ ಗುವಾಹಟಿ ರೈಲುಗಳು ತುಂಬಿ ತುಳುಕಿದವು. ಫಾರ್ವರ್ಡ್ ಮಾಡುವವರು ಬಹಳಷ್ಟು ಜನ ಕೆಟ್ಟವರಲ್ಲ. ತಮ್ಮವರಿಗೆ ಎಚ್ಚರಿಕೆ ಕೊಡುತ್ತಿದ್ದೇವೆ ಅಂತಲೇ ನಂಬಿರುತ್ತಾರೆ. ಅಂಥವರಿಗೆ ಯಾವ ಭಯ?

ಕೀಲಿಮಣೆ: ತಾಂತ್ರಿಕವಾಗಿ ಒಂದು ಮಾತು. ವಾಟ್ಸಾಪ್ ಮೆಸೇಜ್ ತೆರೆಯುವ ಕೀಲಿ ಕಳಿಸಿದವರ ಮತ್ತು ಪಡೆದವರ ಫೋನಿನಲ್ಲಿ ಮಾತ್ರ ಇರುತ್ತದೆ. ನಾಳೆ ಯಾವ ಮೆಸೇಜಿನ ಬಗ್ಗೆ ಆದೇಶ ಬರುತ್ತೆ ಅಂತ ಇವತ್ತು ಗೊತ್ತಾಗಲ್ಲ ಅಲ್ವಾ? ಹಾಗಾಗಿ ಎಲ್ಲರ ಎಲ್ಲ ಮೆಸೇಜಿಗೂ ಗುರುತು ಹಾಕಿಡಬೇಕಾಗುತ್ತದೆ. ಲಂಚದ ದಾಖಲೆಯನ್ನು ಪತ್ರಕರ್ತರಿಗೆ ಕಳಿಸುವ ಗುಮಾಸ್ತರ ಮೆಸೇಜಿಗೂ ಅದೇ ಗುರುತು.

ಹೊಳೆದಂಡೆ: ವಿಡಿಯೋ ತಿರುಚಿದವರೂ ಕೊಂದವರಷ್ಟೇ ತಪ್ಪಿತಸ್ಥರು. ಅವರನ್ನು ಬಿಟ್ಟುಬಿಡೋಣವೇ?

ಕೀಲಿಮಣೆ: ಆಗ ಓಡಾಡಿದ ಒಂದು ವಿಡಿಯೋ ಪಾಕಿಸ್ತಾನದ ಕರಾಚಿಯದ್ದು. ಮಕ್ಕಳ ಸುರಕ್ಷತೆ ಬಗ್ಗೆ ಜಾಗೃತಿ ಮೂಡಿಸಲು ಮಾಡಿದ್ದು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗಿ, ಕೊನೆಗೆ ವಾಪಸ್ ತಂದು ಬಿಡುತ್ತಾರೆ. ಆ ಕೊನೆಯನ್ನೇ ಕತ್ತರಿಸಿ ಹರಿಬಿಟ್ಟರು. ಕತ್ತರಿಸಿದವರು ಹೊರಗಿನವರಾದರೆ, ನಿಯಮದ ಪ್ರಕಾರ ಅದನ್ನು ಭಾರತದೊಳಗೆ ಮೊದಲು ಕಳಿಸಿದವರೇ ‘ಮೂಲ’. ಗಾಬರಿಯಾದ ಯಾರೋ ಒಬ್ಬ ತಾಯಿಯೂ ಆಗಿರಬಹುದು. ಅದರ ಬದಲು ವೇಗ ತಗ್ಗಿಸಿ. ಮುರ್ಕಿ ಘಟನೆಯ ಮುಂದಿನ ವಾರ ವಾಟ್ಸಾಪ್ ನಮ್ಮ ದೇಶದಲ್ಲಿ ಫಾರ್ವರ್ಡನ್ನು ಒಂದು ಸಲಕ್ಕೆ 5 ಚಾಟಿಗೆ ಇಳಿಸುವುದಾಗಿ ಹೇಳಿತು. 2020ರಲ್ಲಿ ಅತಿ ಹೆಚ್ಚು ಓಡಾಡಿದ ಮೆಸೇಜಿಗೆ ಒಂದೇ ಚಾಟ್ ಅಂತ ಮಾಡಿತು.

ಬೀದರ್ ಮಂದಿ: 5 ಚಾಟ್ ಅಂದರೆ 5 ಗ್ರೂಪ್ ಕೂಡ ಆಗಬಹುದು. ಒಂದು ಊರಿಗೆ ಅಷ್ಟು ಸಾಕು. ಕಂಪನಿಯನ್ನು ಹೊಗಳಲು ನಾನು ತಯಾರಿಲ್ಲ.

ರಾಯಚೂರು ರಸ್ತೆ: ನಮ್ಮ ಪಕ್ಕದ, ತೆಲಂಗಾಣದ ಗದ್ವಾಲ ಕಡೆ ನೋಡಿ. 2018ರಲ್ಲಿ ಅಲ್ಲಿ ಎಸ್ಪಿ ಆಗಿದ್ದ ರೇಮಾ ರಾಜೇಶ್ವರಿ 400ಕ್ಕೂ ಜಾಸ್ತಿ ಹಳ್ಳಿಗಳಿಗೆ ಪೊಲೀಸರನ್ನು ಕಳಿಸಿದರು. ಒಂದೊಂದು ಊರಿಗೂ ಒಬ್ಬ ಪೊಲೀಸ್, ಊರವರಿಗೆ ಮುಖ ಪರಿಚಯ. ಡಂಗುರ ಹೊಡೆಸಿದರು, ಹಾಡು ಕಟ್ಟಿಸಿದರು, ಮೆಸೇಜ್ ಬಂದರೆ ನಮಗೆ ತೋರಿಸಿ ಅಂದರು. ಅಲ್ಲಿ ಈ ವದಂತಿಗೆ ಯಾರೂ ಸಾಯಲಿಲ್ಲ. ಯಾರ ಫೋನನ್ನೂ ಒಡೆದು ನೋಡಬೇಕಾಗಲಿಲ್ಲ.

ಹೊಳೆದಂಡೆ: ಇದು ಎಲ್ಲ ಜಿಲ್ಲೆಗಳಲ್ಲೂ ಆಗಲಿ. ಆದರೂ ಬೇಕಂತಲೇ ಸುಳ್ಳು ಕಟ್ಟುವವರಿಗೆ ಶಿಕ್ಷೆ ಆಗಲೇಬೇಕು. ಅದಕ್ಕೆ ನಿಮ್ಮ ದಾರಿ ಯಾವುದು?

ಪಾಟೀಸವಾಲು: ಮೆಸೇಜ್ ಪಡೆದವರು ದೂರು ಕೊಡಲಿ. ಅವರ ಫೋನಿನಲ್ಲೇ ಕಳಿಸಿದವರ ನಂಬರ್ ಇರುತ್ತದೆ. ಅಲ್ಲಿಂದ ಒಬ್ಬೊಬ್ಬರನ್ನೇ ಕೇಳುತ್ತಾ ಹಿಂದಕ್ಕೆ ಹೋಗಬಹುದು. ನಿಧಾನದ ಕೆಲಸ, ತನಿಖೆ ಅಂದರೆ ಅದೇ. ಅದಕ್ಕೆ ಪೊಲೀಸರಿಗೆ ಜನ ಕೊಡಿ, ತರಬೇತಿ ಕೊಡಿ.