ಕ್ಲಾರಿನೆಟ್‌ನ ನಡುವಣ ಸ್ವರಗಳು ಹಾರ್ಮೋನಿಯಂಗಿಂತ ಏರುತ್ತಿವೆ: ಬೆರಳು ಬದಲಿಸಿ ಸರಿಪಡಿಸಬಹುದೇ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಮಾನ್ಯರೇ, ನಮ್ಮೂರ ಭಜನಾ ಮಂಡಳಿಯಲ್ಲಿ ಬಿ ಫ್ಲ್ಯಾಟ್ ಕ್ಲಾರಿನೆಟ್ ನುಡಿಸುತ್ತೇನೆ. ಮಳೆಗಾಲದ ಸಂಜೆಗಳಲ್ಲಿ ಎಡಗೈಯ ಮೇಲಿನ ಕೀಗಳಿಂದ ಬರುವ ಎ ಮತ್ತು ಬಿ ಫ್ಲ್ಯಾಟ್, ಅಂದರೆ ಹಾರ್ಮೋನಿಯಂನ ಜಿ ಮತ್ತು ಎ ಫ್ಲ್ಯಾಟ್, ಶ್ರುತಿಗಿಂತ ಏರಿ ತೆಳ್ಳಗೆ ಕೇಳಿಸುತ್ತವೆ. ಬ್ಯಾರಲನ್ನು (ಊದುವ ತುದಿಯ ಕೆಳಗಿನ ಗಿಡ್ಡ ಕೊಳವೆಯನ್ನು) ತುಸು ಹೊರಗೆಳೆದರೆ ಅವೆರಡು ಸರಿಹೋಗುತ್ತವೆಯಾದರೂ ಕೆಳಗಿನ ಸ್ವರಗಳು ಇಳಿದುಬಿಡುತ್ತವೆ. ಬೆರಳಿಡುವ ಕ್ರಮದಲ್ಲಿ ಇದಕ್ಕೆ ಪರಿಹಾರವಿದೆಯೇ?

ಉತ್ತರ (ಸಾಗರದಿಂದ)

ಖಂಡಿತ ಇದೆ. ಈ ಸ್ವರಗಳನ್ನು ನುಡಿಸುವಾಗ ಕೊಳವೆಯ ಬಹುಭಾಗದ ರಂಧ್ರಗಳು ತೆರೆದೇ ಇರುತ್ತವೆ. ಗಾಳಿ ಕಂಪಿಸುವ ಉದ್ದ ಚಿಕ್ಕದಾಗಿರುವುದರಿಂದ ಬ್ಯಾರಲ್ ಎಳೆದಾಗ ಹೆಚ್ಚು ಇಳಿಯುವುದೂ ಇವೇ. ಎ ಕೀಯನ್ನು ಒತ್ತಿದಾಗ ಬಲಗೈಯ ಮಧ್ಯದ ಬೆರಳು ಮತ್ತು ಉಂಗುರ ಬೆರಳಿನ ರಂಧ್ರಗಳನ್ನೂ ಮುಚ್ಚಿ ನೋಡಿ. ಸ್ವರ ಸ್ವಲ್ಪ ಇಳಿದು ನಾದ ತುಂಬಿಕೊಳ್ಳುತ್ತದೆ. ಎಷ್ಟು ಬೆರಳು ಬೇಕೆಂಬುದು ವಾದ್ಯದಿಂದ ವಾದ್ಯಕ್ಕೆ ಬೇರೆಯಾದ್ದರಿಂದ ತಂಬೂರಿಯ ಮುಂದೆ ಕುಳಿತು ಪರೀಕ್ಷಿಸುವುದೊಂದೇ ದಾರಿ. ಅಲ್ಲಿಂದ ಮೇಲಿನ ಬಿ ಸ್ವರಕ್ಕೆ ದಾಟುವಾಗ ಬಲಗೈ ಆಗಲೇ ಅರ್ಧ ಸಿದ್ಧವಾಗಿರುವುದು ಇನ್ನೊಂದು ಲಾಭ.

ಬಿ ಫ್ಲ್ಯಾಟ್‌ನ ಕಥೆ ಬೇರೆ. ಹೆಬ್ಬೆರಳಿನ ರಿಜಿಸ್ಟರ್ ಕೀಯ ಕಿರುರಂಧ್ರವೇ ಒಂದು ಸ್ಥಾಯಿ ಮತ್ತು ಪಂಚಮದಷ್ಟು ಮೇಲಿನ ಸ್ವರಗಳನ್ನು ಹೊರಡಿಸಬೇಕು, ಈ ಸ್ವರವನ್ನೂ ಕೊಡಬೇಕು. ಎರಡು ಕೆಲಸಕ್ಕೆ ಒಂದೇ ರಂಧ್ರವಾದ್ದರಿಂದ ನಾದ ಬಡವಾಗುತ್ತದೆ. ನಿಧಾನದ ಸಾಲುಗಳಲ್ಲಿ ರಿಜಿಸ್ಟರ್ ಕೀ ಬಿಟ್ಟು, ಎ ಕೀಯೊಡನೆ ಬಲಗೈಯ ಪಕ್ಕದ ನಾಲ್ಕು ಕೀಗಳಲ್ಲಿ ಮೇಲಿನಿಂದ ಎರಡನೆಯದನ್ನು ಒತ್ತಿದರೆ ಸ್ವರ ತಿಳಿಯಾಗುತ್ತದೆ. ದ್ರುತದಲ್ಲಿ ಇದರ ಗೋಜಿಗೆ ಹೋಗಬೇಡಿ.

ಉತ್ತರ (ಶಿವಮೊಗ್ಗದಿಂದ)

ಮೇಲಿನ ಮಾತು ಸರಿ, ಆದರೆ ಬೆರಳಿಗಿಂತ ಮೊದಲು ಹವೆಯನ್ನು ವಿಚಾರಿಸಬೇಕು. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್. ನಮ್ಮ ಉಸಿರು ವಾದ್ಯದ ಮೇಲ್ಭಾಗವನ್ನು ಬೇಗ ಬಿಸಿಮಾಡುತ್ತದೆ, ತುದಿ ತಣ್ಣಗೇ ಉಳಿಯುತ್ತದೆ. ಹಾಗಾಗಿ ಮೇಲಿನ ರಂಧ್ರಗಳ ಸ್ವರ ಏರಿದಂತೆಯೂ ಕೆಳಗಿನವು ಇಳಿದಂತೆಯೂ ಕೇಳುವುದು ಸಹಜ. ಹತ್ತು ನಿಮಿಷ ನುಡಿಸಿದ ಮೇಲೆಯೇ ಶ್ರುತಿ ಸೇರಿಸಿ. ತಮಟೆಯನ್ನು ಬೆಂಕಿಗೆ ಹಿಡಿದಂತೆ ಇದನ್ನು ಬಚ್ಚಲೊಲೆಯ ಮುಂದೆ ಹಿಡಿಯಬೇಡಿ, ಮರದ ವಾದ್ಯ ಸೀಳಿಬಿಟ್ಟೀತು.

ಇನ್ನೊಂದು ವಿಷಯ: ಮೆಲ್ಲಗೆ ಊದಿದಾಗ ಕೊಳಲಿನ ಶ್ರುತಿ ಇಳಿಯುತ್ತದೆ, ಕ್ಲಾರಿನೆಟ್‌ನದು ಏರುತ್ತದೆ. ಭಜನೆಯ ಕೊನೆಯಲ್ಲಿ ದನಿ ತಗ್ಗಿಸುವಾಗ ಆ ಹೆಚ್ಚುವರಿ ಬೆರಳುಗಳು ನಿಜವಾಗಿ ಒದಗುವುದು ಅಲ್ಲಿಯೇ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ವಾದ್ಯ ಬಿಸಿಯಾದ ಮೇಲೆ ಪರೀಕ್ಷಿಸಿದೆ. ಎ ಸ್ವರಕ್ಕೆ ಉಂಗುರ ಬೆರಳೊಂದೇ ಸಾಕಾಯಿತು; ಮಧ್ಯದ ಬೆರಳನ್ನೂ ಸೇರಿಸಿದರೆ ನನ್ನ ವಾದ್ಯದಲ್ಲಿ ಸ್ವರ ಹಾರ್ಮೋನಿಯಂಗಿಂತ ಕೆಳಗಿಳಿಯುತ್ತದೆ. ಪಕ್ಕದ ಕೀಯ ಬಿ ಫ್ಲ್ಯಾಟ್ ಇಂಪಾಗಿದೆ, ಆದರೆ ಕೈಗೆ ಇನ್ನೂ ಒಗ್ಗಿಲ್ಲ.