ದಿನದ ಮಳೆ ಲೆಕ್ಕಕ್ಕೆ ಯಾವ ಸಾಫ್ಟ್‌ವೇರ್? ನನ್ನ ಮಾಡೆಲ್ ಮೈನಸ್ ಮಳೆ ಸುರಿಸ್ತಿದೆ

ಚಳ್ಳಕೆರೆ_ಶೇಂಗಾ:
ಎಲ್ರಿಗೂ ನಮಸ್ಕಾರ. ಎಂಎಸ್ಸಿ ಅಗ್ರಿ ಪ್ರಾಜೆಕ್ಟ್ ಮಾಡ್ತಿದೀನಿ, ನಮ್ಮ ತಾಲ್ಲೂಕಿನ ಒಂದು ಮಳೆಮಾಪಕದ 30 ವರ್ಷದ ದಿನವಹಿ ಲೆಕ್ಕ ಎಕ್ಸೆಲ್‌ನಲ್ಲಿ ಸಿಕ್ಕಿದೆ. ಶೇಂಗಾ ಬಿತ್ತನೆಯಿಂದ ಕಾಯಿ ಕಟ್ಟೋವರೆಗೂ ಮಳೆ ಹೆಂಗಿರುತ್ತೆ ಅಂತ ಪ್ರೆಡಿಕ್ಟ್ ಮಾಡ್ಬೇಕು. ಮೊದ್ಲು ಅರಿಮಾ (ಹಿಂದಿನ ದಿನಗಳ ಅಂಕಿ ನೋಡಿ ಮುಂದಿನದನ್ನ ಅಂದಾಜಿಸೋ ಲೆಕ್ಕ) ಹಾಕ್ದೆ, ದಿನಾ ಒಂದು ಒಂದೂವರೆ ಮಿಲಿಮೀಟರ್ ಜಿನುಗು ಮಳೆ ತೋರಿಸ್ತು, ಕೆಲವು ದಿನ ಮೈನಸ್ಸೂ ಬಂತು (ಮಳೆ ವಾಪಸ್ ಮೋಡಕ್ಕೆ ಹೋಯ್ತು ಅಂತ ರೂಮ್‌ಮೇಟ್ ಆಡ್ಕೋತಾನೆ). ಆಮೇಲೆ ಯೂಟ್ಯೂಬ್ ನೋಡ್ಕೊಂಡು ಎಲ್‌ಎಸ್‌ಟಿಎಂ ಅನ್ನೋ ನ್ಯೂರಲ್ ನೆಟ್‌ವರ್ಕ್ ಮಾಡ್ದೆ, ನಾಳೆ ಮಳೆ ಬರುತ್ತಾ ಇಲ್ವಾ ಅನ್ನೋದಕ್ಕೆ 88% ಆಕ್ಯುರಸಿ ಬಂತು, ಖುಷಿಯಾಗಿ ಗೈಡ್ ಸರ್‌ಗೆ ತೋರಿಸಿದ್ರೆ ಅವ್ರು "ಮಳೆ ಬಂದ ದಿನಗಳಲ್ಲಿ ಎಷ್ಟು ಸರಿ ಹೇಳ್ತು?" ಅಂತ ಒಂದೇ ಮಾತು ಕೇಳಿದ್ರು. ನೋಡಿದ್ರೆ ಒಂದೂ ಇಲ್ಲ.
ಈಗ ಕೆಲವ್ರು ಲಾರ್ಸ್-ಡಬ್ಲ್ಯೂಜಿ (ಕೃತಕ ಹವಾಮಾನ ಲೆಕ್ಕ ಹುಟ್ಟಿಸೋ ಸಾಫ್ಟ್‌ವೇರ್) ಅಂತಾರೆ, ಕೆಲವ್ರು ಆರ್ ಅನ್ನೋ ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ ಕಲಿ ಅಂತಾರೆ, ಲ್ಯಾಪ್‌ಟಾಪ್ 4 ಜಿಬಿದು, ಕೋಡಿಂಗ್ ಅಷ್ಟಕ್ಕಷ್ಟೆ. ಯಾವುದು ಹಿಡೀಲಿ?

ಸೊನ್ನೆ_ಮಿಮೀ:
ಮೊದ್ಲು ಆ 88ರ ಕಥೆ. ನಿಮ್ಮ ಫೈಲಲ್ಲಿ ವರ್ಷಕ್ಕೆ ಎಷ್ಟು ಮಳೆ ದಿನ ಇದೆ ಎಣಿಸಿ. 45ರ ಆಸುಪಾಸು ಇದ್ರೆ, 365 ದಿನಾನೂ "ಮಳೆ ಇಲ್ಲ" ಅಂತ ಕಣ್ಣು ಮುಚ್ಕೊಂಡು ಹೇಳಿದ್ರೂ 320 ದಿನ ಸರಿಯಾಗುತ್ತೆ, ಅಂದ್ರೆ 88%. ನಿಮ್ಮ ಎಲ್‌ಎಸ್‌ಟಿಎಂ ಕಲ್ತಿರೋದು ಅದನ್ನೇ. ಅರಿಮಾ ಕೂಡ ಅಷ್ಟೇ, ವರ್ಷದ ಮಳೇನ 365ಕ್ಕೆ ಭಾಗಿಸಿ ನಿಮ್ಮ ಕೈಗೆ ಕೊಟ್ಟಿದೆ. ಆಕ್ಯುರಸಿ ಬಿಟ್ಟು ಬ್ರಿಯರ್ ಸ್ಕೋರ್ (ಹೇಳಿದ ಸಾಧ್ಯತೆಗೂ ನಿಜಕ್ಕೂ ಎಷ್ಟು ಅಂತರ ಅನ್ನೋ ಅಳತೆ, ಕಮ್ಮಿ ಇದ್ದಷ್ಟೂ ಒಳ್ಳೇದು) ನೋಡಿ, ಅದೂ "ಆ ತಿಂಗಳ ಸರಾಸರಿ ಸಾಧ್ಯತೆ" ಅನ್ನೋ ಬಡಪಾಯಿ ಮಾಡೆಲ್ ಜೊತೆ ಹೋಲಿಸಿ.
ಅದಕ್ಕಿಂತ ಮುಖ್ಯ, ನೀವು ಕೇಳ್ತಿರೋದು ಎರಡು ಬೇರೆ ಪ್ರಶ್ನೆ. ನಾಳೆ ಮಳೆ ಬರುತ್ತಾ ಅನ್ನೋದು ಒಂದು, ಆಗಸ್ಟಲ್ಲಿ ಹತ್ತು ದಿನ ಸತತ ಒಣಗೋ ಸಾಧ್ಯತೆ ಎಷ್ಟು ಅನ್ನೋದು ಇನ್ನೊಂದು. ಮೊದಲನೇದಕ್ಕೆ ಒಂದೇ ಮಾಪಕದ ಹಳೇ ಮಳೆ ಲೆಕ್ಕ ಹೆಚ್ಚು ಸಹಾಯ ಮಾಡಲ್ಲ, ಗಾಳಿ ತೇವಾಂಶ ಎಲ್ಲ ಲೆಕ್ಕ ಹಾಕೋ ಹವಾಮಾನ ಮಾಡೆಲ್ ಬೇಕು. ಎರಡನೇದಕ್ಕೆ ನಿಮ್ಮ 30 ವರ್ಷ ಚಿನ್ನ. ಶೇಂಗಾ ರೈತನಿಗೆ ಬೇಕಾಗಿರೋದೂ ಎರಡನೇದೇ ಅನ್ಸುತ್ತೆ.
ಅದರ ದಾರಿ ಹಳೇದು. ಮಳೆ ಬರೋದು ಬೇರೆ, ಬಂದ್ರೆ ಎಷ್ಟು ಅನ್ನೋದು ಬೇರೆ ಅಂತ ಎರಡು ಭಾಗ ಮಾಡ್ಕೊಳಿ. 1962ರಲ್ಲಿ ಗೇಬ್ರಿಯಲ್ ಮತ್ತೆ ನ್ಯೂಮನ್ ಟೆಲ್ ಅವೀವ್ ಮಳೆಗೆ ಮಾರ್ಕೊವ್ ಚೈನ್ ಹಾಕಿದ್ರು, ಅಂದ್ರೆ ಇವತ್ತು ಒಣ ದಿನವಾದ್ರೆ ನಾಳೆನೂ ಒಣಗೋ ಸಾಧ್ಯತೆ ಇಷ್ಟು, ಇವತ್ತು ಮಳೆಯಾದ್ರೆ ಇಷ್ಟು, ಅಷ್ಟೇ. 1981ರಲ್ಲಿ ರಿಚರ್ಡ್‌ಸನ್ ಅದಕ್ಕೆ ಮಳೆ ಪ್ರಮಾಣ, ತಾಪಮಾನ, ಬಿಸಿಲು ಸೇರಿಸಿದ್ರು, ಡಬ್ಲ್ಯೂಜೆನ್ ಅನ್ನೋ ಹವಾಮಾನ ಸಿಮ್ಯುಲೇಟರ್ ಹುಟ್ಟಿದ್ದು ಅಲ್ಲಿಂದ. ಪ್ರಮಾಣಕ್ಕೆ ಈಗ ಸಾಮಾನ್ಯವಾಗಿ ಗಾಮಾ ಅನ್ನೋ ಸಂಭವನೀಯತೆ ಹಂಚಿಕೆ ಹಾಕ್ತಾರೆ, ಸಣ್ಣ ಮಳೆ ಜಾಸ್ತಿ, ದೊಡ್ಡದು ಅಪರೂಪ, ಆದ್ರೆ ಬಂದ್ರೆ ಬಂತು, ಆ ಆಕಾರ ಅದಕ್ಕೆ ಹೊಂದುತ್ತೆ.
ಒಂದು ಲೆಕ್ಕ ನೋಡಿ: ಒಣ ದಿನದ ಮಾರನೇ ದಿನವೂ ಒಣಗೋ ಸಾಧ್ಯತೆ 0.85 ಅಂದ್ಕೊಳಿ, ಇವತ್ತು ಒಣಗಿದೆ, ಮುಂದಿನ ಹತ್ತು ದಿನವೂ ಹನಿ ಇಲ್ಲ ಅನ್ನೋದು 0.85ರ ಹತ್ತನೇ ಘಾತ, ಸುಮಾರು 20%. ಅದೇ 0.9 ಆದ್ರೆ 35%. ಇದಕ್ಕೆ ಸಾಫ್ಟ್‌ವೇರೂ ಬೇಡ, ಎಕ್ಸೆಲ್ ಸಾಕು.

ಮೆನು_ಪ್ರಿಯ:
ಕೋಡಿಂಗ್ ಬೇಡ ಅನ್ನೋರಿಗೆ ಆರ್-ಇನ್‌ಸ್ಟಾಟ್ ಇದೆ, ಉಚಿತ. ರೀಡಿಂಗ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಹಳೇ ಇನ್‌ಸ್ಟಾಟ್‌ನ ಹೊಸ ಅವತಾರ, ಒಳಗಡೆ ಓಡೋದು ಆರ್, ನಿಮಗೆ ಕಾಣೋದು ಮೆನು ಮಾತ್ರ, ವಿಂಡೋಸ್ ಬೇಕು. ಕ್ಲೈಮ್ಯಾಟಿಕ್ ಅಂತ ಒಂದು ಮೆನುನೇ ಇದೆ, ಮಳೆಗಾಲ ಶುರುವಾದ ದಿನ, ಒಣ ಅವಧಿ ಎಲ್ಲ ಅದರಲ್ಲೇ ಬರುತ್ತೆ. "ಮೂರು ದಿನದಲ್ಲಿ 20 ಮಿಮೀ ಆಗ್ಬೇಕು, ಮುಂದಿನ 30 ದಿನದಲ್ಲಿ ವಾರಕ್ಕಿಂತ ಜಾಸ್ತಿ ಒಣಗಬಾರ್ದು" ಅನ್ನೋ ಥರ ಶರತ್ತು ಕೊಟ್ರೆ ಪ್ರತಿ ವರ್ಷದ ಬಿತ್ತನೆ ದಿನ ಎತ್ತಿ ಕೊಡುತ್ತೆ. ಮಾಡಿದ ಕೆಲಸದ ಆರ್ ಕೋಡ್ ಕೂಡ ಅಲ್ಲೇ ಸಿಗುತ್ತೆ, ನಾನು ಆರ್ ಕಲ್ತಿದ್ದೇ ಅದನ್ನ ಕದ್ದು ನೋಡಿ. 4 ಜಿಬಿಲಿ ತೆವಳುತ್ತೆ ಆದ್ರೆ ಓಡುತ್ತೆ, ಕ್ರೋಮ್ ಮುಚ್ಚಿರಿ.
ಲಾರ್ಸ್-ಡಬ್ಲ್ಯೂಜಿ ನಿಮಗೆ ಈಗ ಬೇಡ. ಮುಂದೆ ಹವಾಮಾನ ಬದಲಾದ್ರೆ ಇಳುವರಿ ಏನಾಗುತ್ತೆ ಅಂತ ಡಿಸ್ಯಾಟ್ ಅನ್ನೋ ಬೆಳೆ ಮಾಡೆಲ್‌ಗೆ ಹಾಕೋದಿದ್ರೆ ಆವಾಗ ನೋಡಿ.

ಗೇಜ್_ಮೇಷ್ಟ್ರು:
ಸಾಫ್ಟ್‌ವೇರ್ ಜಗಳ ಆಮೇಲೆ ಆಡಿ, ಮೊದ್ಲು ಫೈಲ್ ತೆಗೀರಪ್ಪ. ನಾನು ಕೆಲವು ವರ್ಷ ಮಳೆಮಾಪಕ ಓದಿದೋನು, ಅದಕ್ಕೇ ಹೇಳ್ತೀನಿ. ಬೆಳಿಗ್ಗೆ 8:30ಕ್ಕೆ ಅಳೆಯೋದು, ಅದು ಹಿಂದಿನ 24 ಗಂಟೆದು, ಅಂದ್ರೆ 12ನೇ ತಾರೀಕಿನ ಮುಂದೆ ಬರೆದಿರೋ 40 ಮಿಮೀ ಬಹುಶಃ 11ರ ಸಂಜೆ ಸುರಿದದ್ದು. ಭಾನುವಾರ ಓದೋಕೆ ಯಾರೂ ಹೋಗದೆ ಸೋಮವಾರ ಎರಡೂ ಸೇರಿಸಿ ಬರೆಯೋದು ಉಂಟು, ವಾರದ ದಿನವಾರು ಮಳೆ ದಿನ ಎಣಿಸಿ ನೋಡಿ, ಸೋಮವಾರ ದಪ್ಪ ಇದ್ರೆ ಗೊತ್ತಾಗುತ್ತೆ, ಮೋಡಕ್ಕೇನು ವಾರ ಗೊತ್ತಾ?
ಇನ್ನೊಂದು, ಖಾಲಿ ಮನೆ ಬೇರೆ ಸೊನ್ನೆ ಬೇರೆ. ಟೈಪ್ ಮಾಡೋರು ಎಷ್ಟೋ ಸಲ ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬಿಸಿಬಿಡ್ತಾರೆ, ನಿಮ್ಮ ಮಾರ್ಕೊವ್ ಅದನ್ನ ಬರಗಾಲ ಅಂದ್ಕೊಳುತ್ತೆ. ಜುಲೈ ಪೂರ್ತಿ ಸೊನ್ನೆ ಇದ್ರೆ ಪಕ್ಕದ ಹೋಬಳಿ ಮಾಪಕ ನೋಡದೆ ನಂಬಬೇಡಿ. ಮಳೆ ದಿನ ಅಂದ್ರೆ ಹವಾಮಾನ ಇಲಾಖೆ ಲೆಕ್ಕದಲ್ಲಿ 2.5 ಮಿಮೀ ಅಥವಾ ಜಾಸ್ತಿ, ಸಾಫ್ಟ್‌ವೇರಲ್ಲಿ ಆ ಮಿತಿ ಬೇರೆ ಇರಬಹುದು, ನೋಡ್ಕೊಂಡು ಬದಲಾಯಿಸಿ.

ಸೊನ್ನೆ_ಮಿಮೀ:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ಮಿತಿ 2.5 ಇಟ್ರೆ ಗಾಮಾ ಹಾಕೋ ಮುಂಚೆ ಪ್ರತಿ ಮಳೆಯಿಂದ 2.5 ಕಳೀರಿ, ಇಲ್ಲಾಂದ್ರೆ ಸೊನ್ನೆಯಿಂದ ಶುರುವಾಗೋ ಗಾಮಾ ಅಲ್ಲಿ ಸರಿಯಾಗಿ ಕೂರಲ್ಲ.

ಹುಬ್ಬೆ_ಉತ್ತರೆ:
ತಿಂಗಳ ಪ್ರಕಾರ ಲೆಕ್ಕ ಹಾಕೋದು ಯಾಕೆ, ಮಳೆ ನಕ್ಷತ್ರದ ಪ್ರಕಾರ ಹಾಕಿ ಅಂತೀನಿ. ನಗಬೇಡಿ. ಒಂದೊಂದು ಮಳೆ 13-14 ದಿನ, 30 ವರ್ಷಕ್ಕೆ ಒಂದು ನಕ್ಷತ್ರಕ್ಕೆ 400 ದಿನದ ಮೇಲೆ ಸಿಗುತ್ತೆ, ಮಳೆಗಾಲದಲ್ಲಿ ಸಾಧ್ಯತೆ ಲೆಕ್ಕಕ್ಕೆ ಅಷ್ಟು ಸಾಕು. ಸೂರ್ಯನ ಲೆಕ್ಕ ಆಗಿರೋದ್ರಿಂದ ತಾರೀಕು ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತೆ, ಪಂಚಾಂಗದ ಹಬ್ಬದ ಥರ ಓಡಾಡಲ್ಲ. "ಆದ್ರೆ ಆರಿದ್ರಾ ಇಲ್ಲಾಂದ್ರೆ ದರಿದ್ರ" ಅಂತಾರಲ್ಲ, ಅದು ನಿಮ್ಮ ತಾಲ್ಲೂಕಿಗೆ ನಿಜಾನಾ ಅಂತ ಒಂದು ಚಾಪ್ಟರ್ರೇ ಬರೀಬಹುದು. ನನ್ನ ಅನುಮಾನ ಸುಳ್ಳು ಅಂತ, ಆ ಕಡೆ ಸೆಪ್ಟೆಂಬರ್ ಮಳೆನೇ ಜೋರು.

ಸೊನ್ನೆ_ಮಿಮೀ:
ಐಡಿಯಾ ಚೆನ್ನಾಗಿದೆ, ರೈತರಿಗೆ ಹೇಳೋವಾಗಂತೂ ಅದೇ ಭಾಷೆ ಬೇಕು. ಆದ್ರೆ ಪುಷ್ಯ ಮುಗಿದು ಆಶ್ಲೇಷ ಶುರುವಾದ ರಾತ್ರಿ ಸಾಧ್ಯತೆ ದಢಕ್ಕನೆ ಜಿಗಿಯಲ್ಲ ಅಲ್ವಾ. ಅದಕ್ಕೆ ಆರ್‌ನಲ್ಲಿ ಜಿಎಲ್‌ಎಂ (ರಿಗ್ರೆಶನ್‌ನ ವಿಸ್ತರಿಸಿದ ರೂಪ) ಹಾಕಿ, ಮಳೆ ಬಂತಾ ಇಲ್ವಾ ಅನ್ನೋದಕ್ಕೆ ಸಾಧ್ಯತೆ ಕೊಡೋ ಲಾಜಿಸ್ಟಿಕ್, ನಿನ್ನೆ ಮಳೆ ಇತ್ತಾ ಅನ್ನೋದು ಒಂದು ಅಂಶ, ವರ್ಷದ ಯಾವ ದಿನ ಅನ್ನೋದಕ್ಕೆ ಎರಡು ಮೂರು ಜೊತೆ ಸೈನ್ ಕೊಸೈನ್, ಆಗ ವರ್ಷದ ಏರಿಳಿತ ನಯವಾಗಿ ಬರುತ್ತೆ. ಸ್ಟರ್ನ್ ಮತ್ತೆ ಕೋ 1984ರಲ್ಲೇ ತೋರಿಸಿದ ದಾರಿ ಇದು. ಮೊನ್ನೆ ಮಳೆನೂ ಸೇರಿಸಿ ನೋಡಿ, ಬಿಐಸಿ (ಮಾಡೆಲ್‌ಗಳನ್ನ ಹೋಲಿಸೋ ಅಂಕ) ಇಳಿದ್ರೆ ಇಟ್ಕೊಳಿ. ಒಂದೇ ದಿನ ಹಿಂದೆ ನೋಡೋ ಚೈನ್ ಉದ್ದ ಒಣ ಅವಧಿಗಳನ್ನ ಕಮ್ಮಿ ತೋರಿಸೋದು ಸಾಮಾನ್ಯ, ನಿಮ್ಮ ಬೆಳೆಗೆ ಪೆಟ್ಟು ಕೊಡೋದೇ ಅವು.
ಎರಡು ಭಾಗ ಬೇಡ ಒಂದೇ ಏಟಿಗೆ ಆಗ್ಬೇಕು ಅಂದ್ರೆ ಟ್ವೀಡಿ ಅನ್ನೋ ಹಂಚಿಕೆ ಇದೆ, ಸೊನ್ನೆನೂ ನುಂಗುತ್ತೆ ಮಳೆನೂ ನುಂಗುತ್ತೆ. ಆರ್‌ನ ಎಂಜಿಸಿವಿ ಪ್ಯಾಕೇಜಲ್ಲೂ ಪೈಥಾನ್‌ನ ಸ್ಟಾಟ್ಸ್‌ಮಾಡೆಲ್ಸ್‌ನಲ್ಲೂ ಸಿಗುತ್ತೆ. ನನಗೇನೋ ಎರಡು ಭಾಗದ್ದೇ ಇಷ್ಟ, ತಪ್ಪಾದ್ರೆ ಎಲ್ಲಿ ತಪ್ಪಾಯ್ತು ಗೊತ್ತಾಗುತ್ತೆ.
ಕೊನೇಗೆ ಸಾವಿರ ವರ್ಷ ಸಿಮ್ಯುಲೇಟ್ ಮಾಡಿ ಅಸಲಿ 30 ವರ್ಷದ ಪಕ್ಕ ಇಡಿ. ಸರಾಸರಿ ಹೊಂದುತ್ತೆ, ಆದ್ರೆ ವರ್ಷದಿಂದ ವರ್ಷಕ್ಕೆ ಏರಿಳಿತ ಕಮ್ಮಿ ಕಾಣ್ಬಹುದು, ಈ ಜಾತಿ ಮಾಡೆಲ್‌ಗಳ ಹುಟ್ಟುಗುಣ ಅದು, ಭಾರೀ ಬರ ಭಾರೀ ಮಳೆ ಎರಡನ್ನೂ ಸಮ ಮಾಡಿಬಿಡುತ್ತೆ. ಎಲ್ ನಿನೊ ಸೂಚ್ಯಂಕನ ಇನ್ನೊಂದು ಅಂಶವಾಗಿ ಸೇರಿಸಿದ್ರೆ ಸ್ವಲ್ಪ ಸರಿಹೋಗಬಹುದು.

ಕೊಪ್ಪದ_ಕಂಬಳಿ:
ನಮ್ಮ ಮಲೆನಾಡಿಗೆ ಇದನ್ನ ಹಾಕೋಕೆ ಹೋಗಿ ಜುಲೈಯಲ್ಲಿ ಸಿಕ್ಕಾಕ್ಕೊಂಡೆ ಮಾರಾಯ್ರೆ, ಒಣ ದಿನಾನೇ ಇಲ್ಲ, ಒಣ ಆದ್ಮೇಲೆ ಒಣ ಆಗೋದನ್ನ ಎಲ್ಲಿಂದ ಎಣಿಸೋದು! ಮಾಪಕದ ಲೆಕ್ಕ ಸಾಲದವ್ರಿಗೆ ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ ಡೇಟಾ (ನಕ್ಷೆನ ಚೌಕ ಚೌಕ ಮಾಡಿ ಕೊಟ್ಟ ಮಳೆ ಲೆಕ್ಕ) 1901ರಿಂದ ಇದೆ, ಪೈಥಾನ್‌ನ ಐಎಂಡಿಲಿಬ್‌ನಲ್ಲಿ ಇಳಿಸ್ಕೋಬಹುದು, ಅದರಲ್ಲಿ ಮೈನಸ್ 999 ಅಂದ್ರೆ ಡೇಟಾ ಇಲ್ಲ ಅಂತ. ಆದ್ರೆ ಒಂದು ಚೌಕ ಅಂದ್ರೆ ಹತ್ತಿರ ಹತ್ತಿರ 27 ಕಿಮೀ ಅಗಲ, ಅಷ್ಟಕ್ಕೂ ಸರಾಸರಿ, ಹಂಗಾಗಿ ಮಳೆ ದಿನ ಜಾಸ್ತಿ ದೊಡ್ಡ ಮಳೆ ಕಮ್ಮಿ ಕಾಣುತ್ತೆ. ಮಾಪಕದ ಜೊತೆ ಕಲಸಿ ಒಂದೇ ಫೈಲ್ ಮಾಡ್ಬೇಡಿ.

ಚಳ್ಳಕೆರೆ_ಶೇಂಗಾ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಆರ್-ಇನ್‌ಸ್ಟಾಟ್ ಹಾಕ್ಕೊಂಡೆ, ನಾಳೆ ಮಳೆ ಅನ್ನೋ ಚಾಪ್ಟರ್ ತೆಗೆದೇಬಿಟ್ಟೆ, ಸರ್ ಒಪ್ಪಿದ್ರು. ಮೇಷ್ಟ್ರೆ, ವಾರದ ದಿನ ಎಣಿಸ್ದೆ, ಸೋಮವಾರ ದಪ್ಪನೇ ಇದೆ. ಸಾಲದ್ದಕ್ಕೆ ಒಂದು ವರ್ಷ ಆಗಸ್ಟ್ 3ರಿಂದ ಸೆಪ್ಟೆಂಬರ್ 20ರವರೆಗೆ ಬರೀ ಸೊನ್ನೆ, ಪಕ್ಕದ ಮಾಪಕದಲ್ಲಿ ಅದೇ ಟೈಮಲ್ಲಿ ಚೆನ್ನಾಗೇ ಸುರಿದಿದೆ. ಅಸಲಿ ರಿಜಿಸ್ಟರ್ ನೋಡೋಕೆ ಸೋಮವಾರ ಹೋಗ್ತಿದೀನಿ.

ಗೇಜ್_ಮೇಷ್ಟ್ರು:
ಷರಾ ಕಾಲಂ ಓದೋದು ಮರೀಬೇಡಿ. "ಮಾಪಕ ಕೆಟ್ಟಿದೆ" ಅಂತ ಅಲ್ಲೇ ಎಲ್ಲೋ ಒಂದು ಮೂಲೇಲಿ ಬರೆದಿರ್ತಾರೆ.